ಮೂರು ಹೊತ್ತು ಮಾತು

ನಮ್ಮ ಮೇಡಂ ದಿನ ಶುರುವಾಗುತ್ತಿದ್ದುದು ಯಾರದಾದರೂ ಮಗುವಿನ ತಲೆ ತೊಳೆಯುವುದರಿಂದ. ಮಿದುಳಿನ ಬಗ್ಗೆ ದೊಡ್ಡ ಓದು ಓದಿಕೊಂಡು ಬಂದ ಡಾಕ್ಟರು ಅವರು. ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ನರ್ಸಿಂಗ್ ಹೋಮಿನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗುವನ್ನು ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು. ಕಣ್ಣುರಿ ಎಂದು ಮಗು ಕಿರುಚಿದರೆ ಬಾಯಿಗೊಂದು ಚೂರು ಬೆಲ್ಲ. ನಾನು ಟವೆಲು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಹೊಸದಾಗಿ ಬಂದವರು ಅವರನ್ನು ಆಯಾ ಎಂದುಕೊಂಡು, ಡಾಕ್ಟರು ಎಷ್ಟೊತ್ತಿಗೆ ಬರ್ತಾರೆ ಎಂದು ಅವರನ್ನೇ ಕೇಳುತ್ತಿದ್ದರು. "ಇನ್ನೇನು, ಕೈ ಒರೆಸಿಕೊಂಡು ಬರ್ತಾರೆ" ಎನ್ನುತ್ತಿದ್ದರು ಮೇಡಂ.

ಕಾರಣ ಎಣ್ಣೆ. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ಗೆರೆಯಾಗಿ ಬರೆಸುವ ಇ.ಇ.ಜಿ. ಯಂತ್ರ ನಮ್ಮದು. ಎಣ್ಣೆ ಜಿಡ್ಡಿದ್ದರೆ ತಂತಿ ನಿಲ್ಲುವುದಿಲ್ಲ, ಜಾರಿಬಿಡುತ್ತದೆ. ಆದರೆ ಡಾಕ್ಟರ ಹತ್ತಿರ ಹೋಗುವ ಮಗುವನ್ನು ಒಣ ತಲೆಯಲ್ಲಿ ಯಾವ ತಾಯಿ ಕರೆದುಕೊಂಡು ಬರುತ್ತಾಳೆ? ಹಣೆಯವರೆಗೆ ಇಳಿಯುವಂತೆ ಹಚ್ಚಿ, ಬೈತಲೆ ತೆಗೆದು, ಬಿಗಿಯಾಗಿ ಜಡೆ ಹಾಕಿ ತರುತ್ತಿದ್ದರು. ಎಣ್ಣೆ ಹಚ್ಚಬೇಡಿ ಎಂದು ಹೇಳಿ ಕಳಿಸಿದರೆ ಮರುಸಲ ಇನ್ನಷ್ಟು ಹಚ್ಚುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಮೇಡಂಗೆ ನೇರವಾಗಿಯೇ ಹೇಳಿದಳು, "ಎಣ್ಣಿ ಇಲ್ಲದ ತಲಿ ಸತ್ತ ಮನ್ಯಾಗ ಇರತೈತ್ರಿ. ನಮ್ಮ ಕೂಸಿಗೆ ಅಂಥದ್ದು ಹೇಳಬ್ಯಾಡ್ರಿ." ಅಂದಿನಿಂದ ಮೇಡಂ ಯಾರಿಗೂ ಏನೂ ಹೇಳದೆ ಸೀಗೆಪುಡಿಯ ಡಬ್ಬಿ ತಂದಿಟ್ಟುಕೊಂಡರು. ತೊಳೆದು, ತಂತಿ ಹಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ತಾವೇ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸುತ್ತಿದ್ದರು. ಅವರು ಹಾಕಿದ ಜಡೆ ಮಾತ್ರ ಯಾವಾಗಲೂ ಸೊಟ್ಟ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಆ ಯಂತ್ರದ ಹುಡುಗಿ. ನಮ್ಮದು ದಾವಣಗೆರೆಯ ಹಳೇ ಊರಿನ ಜವಳಿ ಅಂಗಡಿ ಮನೆತನ. ಮಗಳು ಕೆಲಸಕ್ಕೆ ಹೋಗುವುದೇ ಅಪ್ಪನಿಗೆ ಅರ್ಧ ಒಪ್ಪಿಗೆ, ಅದರಲ್ಲೂ ಕಂಡವರ ತಲೆ ಮುಟ್ಟುವ ಕೆಲಸ. ಲಗಾಮು ಇಲ್ಲದ ಬಾಯಿ ಎಂದು ಮನೆಯಲ್ಲೆಲ್ಲ ನನಗೆ ಬಿರುದು. ಮೇಡಂ ಇದಕ್ಕೆ ತದ್ವಿರುದ್ಧ. ಒಂದು ವಾಕ್ಯ ಆಡುವ ಮೊದಲು ಅದನ್ನು ಒಳಗೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾರೆ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಖಾತ್ರಿಯಾಗದೆ ಅವರು ಇಂದು ಮಂಗಳವಾರ ಎಂದೂ ಹೇಳುವವರಲ್ಲ, ಗೋಡೆಯ ಕ್ಯಾಲೆಂಡರ್ ಕಡೆ ತಿರುಗುತ್ತಿದ್ದರು. ನಾನು ಇದನ್ನು ಅವರೆದುರೇ ಅಣಕಿಸಿ ತೋರಿಸಿದ್ದೆ. ನಕ್ಕರು, ಆದರೆ ಬಿಡಲಿಲ್ಲ.

ಮೂರ್ಛೆರೋಗದವರ ಕೆಲಸ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. ಆಮೇಲಿನದು ಮೇಡಂ ಅವರ ಸ್ವಂತ ಹುಚ್ಚು. ಮಗುವಿನ ತಲೆಯೊಳಗೆ ಒಂದು ಹೊಸ ಮಾತು ಹೇಗೆ ಬಂದು ಕೂರುತ್ತದೆ ಎಂದು ನೋಡಬೇಕು, ಅಷ್ಟೆ. ಅದಕ್ಕಾಗಿ ಬಟ್ಟೆಯಲ್ಲಿ ಒಂದು ಪ್ರಾಣಿ ಹೊಲಿದಿದ್ದರು. ನಾಯಿಯೂ ಅಲ್ಲ, ಕುರಿಯೂ ಅಲ್ಲ, ಉದ್ದ ಕಿವಿ, ಹಸಿರು ಹೊಟ್ಟೆ. ಅದಕ್ಕೆ ಲೊಮಡೆ ಎಂದು ಹೆಸರು. ಕನ್ನಡದಲ್ಲಿ ಎಲ್ಲೂ ಇಲ್ಲದ ಹೆಸರು ಬೇಕೆಂದು ತಾವೇ ಕಟ್ಟಿದ್ದು. ಮಗುವಿಗೆ ಪ್ರಾಣಿಯನ್ನು ತೋರಿಸಿ ಹೆಸರು ಕಲಿಸುವುದು. ಆಮೇಲೆ ತಂತಿ ಹಚ್ಚಿ, ಕ್ಯಾಸೆಟ್ಟಿನಲ್ಲಿ ಆ ಹೆಸರು ಕೇಳಿಸಿ, ಒಮ್ಮೆ ಲೊಮಡೆಯನ್ನೇ ತೋರಿಸುವುದು, ಇನ್ನೊಮ್ಮೆ ಬೇರೇನನ್ನೋ ತೋರಿಸುವುದು. ಹೆಸರು ಒಳಗೆ ಕೂತಿದ್ದರೆ, ತಪ್ಪು ವಸ್ತು ಕಂಡಾಗ ತಲೆ ಬೆಚ್ಚುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿ ಗೆರೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಟ್ಟು ಮಾಡಿದರೆ ಆ ಬೆಚ್ಚಿದ ಜಾಗದಲ್ಲಿ ಒಂದು ತಗ್ಗು ಕಾಣುತ್ತದೆ. "ಬಾಯಿ ಹೆದರಿ ಸುಮ್ಮನಿರಬಹುದು, ತಲೆ ಸುಮ್ಮನಿರೋದಿಲ್ಲ" ಎನ್ನುತ್ತಿದ್ದರು ಮೇಡಂ.

ಮಕ್ಕಳು ಬರುತ್ತಿದ್ದುದು ಹೆಚ್ಚಾಗಿ ಮಂಡಕ್ಕಿ ಭಟ್ಟಿಗಳ ಕಡೆಯಿಂದ. ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವ ಕಡೆ, ಹೊಗೆಗೆ ಗೋಡೆ, ಮರ, ಆಡು ಎಲ್ಲವೂ ಕಪ್ಪು. ಅಲ್ಲಿನ ಮಕ್ಕಳನ್ನು ದಡ್ಡರೆಂದು ಶಾಲೆಯವರು ಬೇಗ ಕೈಬಿಡುತ್ತಿದ್ದರು. ಮೇಡಂಗೆ ಅದು ಸಹಿಸದು. ಎಸ್.ಎಸ್. ಬಡಾವಣೆಯ ಅನುಕೂಲಸ್ಥರ ಮನೆಗಳ ಮಕ್ಕಳೂ ಕೆಲವರು ಬರುತ್ತಿದ್ದರು. ಅವರ ಗೆರೆ ಒಂದು ಬಗೆ, ಭಟ್ಟಿಯ ಮಕ್ಕಳದು ಇನ್ನೊಂದು ಬಗೆ. ಯಾಕೆಂದು ನಾನು ಕೇಳಿದರೆ, ಗೊತ್ತಿಲ್ಲ ಎನ್ನುತ್ತಿದ್ದರು. ಹೆಚ್ಚು ಪೀಡಿಸಿದರೆ, "ಬಡವರ ಮನೇಲಿ ಮಗುವಿನ ಕಿವಿಗೆ ಬೀಳೋ ಮಾತು ಕಡಿಮೆ ಅಂತ ಓದಿದೀನಿ. ಓದಿದ್ದು, ನೋಡಿದ್ದಲ್ಲ" ಎಂದು ಸೇರಿಸುತ್ತಿದ್ದರು.

ಕ್ಯಾಸೆಟ್ಟಿನಲ್ಲಿ ಇದ್ದುದು ಮೇಡಂ ಅವರದೇ ದನಿ. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ತಟ್ಟೆಯಲ್ಲಿ ಇಟ್ಟ ಹಾಗೆ, "ಇದು ಮರ. ಇದು ಬಟ್ಟಲು. ಇದು ಲೊಮಡೆ." ಅವರು ಹುಟ್ಟಿದ್ದು ಹರಿಹರದಲ್ಲಿ, ಅಣ್ಣನ ಮನೆ ಈಗಲೂ ಹೊಳೆಯ ಹತ್ತಿರದ ಬೀದಿಯಲ್ಲೇ. ಭಾನುವಾರ ತಪ್ಪದೆ ಬಸ್ಸು ಹತ್ತಿ ಹೋಗುತ್ತಿದ್ದರು. ಮದುವೆ ಆಗಿರಲಿಲ್ಲ. ಊರಿನ ಮಾತು ಅವರ ಬಾಯಿಂದ ಬರುವುದನ್ನು ನಾನು ಕೇಳಿದ್ದು ಒಂದೇ ಸಲ, ಅದನ್ನು ಆಮೇಲೆ ಹೇಳುತ್ತೇನೆ.

ಕೆಂಚಮ್ಮ ಮಗಳನ್ನು ಕರೆದುಕೊಂಡು ಬಂದದ್ದು ಮಳೆಗಾಲ ಮುಗಿಯುತ್ತಿದ್ದಾಗ. ಕುಕ್ಕುವಾಡದ ಕಡೆಯವಳು. ಗಂಡ ಸತ್ತ ಮೇಲೆ ಪೇಟೆಗೆ ಬಂದು ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು. ಮಗಳು ಗಿರಿಜಾ, ಆರೋ ಏಳೋ ವರ್ಷ, ಶಾಲೆಯಲ್ಲಿ ಬಾಯಿ ಬಿಟ್ಟೇ ಇಲ್ಲ. ಮಗುವಿಗೆ ಬುದ್ಧಿ ನೆಟ್ಟಗಿದೆ ಎಂದು ಡಾಕ್ಟರ ಚೀಟಿ ತರದಿದ್ದರೆ ಹೆಸರು ತೆಗೆಯುತ್ತೇವೆ ಎಂದಿದ್ದರಂತೆ ಮೇಷ್ಟ್ರು. ಹೆಸರು ತೆಗೆದರೆ ಅವಳೂ ಭಟ್ಟಿಗೇ. ಕೆಂಚಮ್ಮನಿಗೆ ಅದೊಂದು ಆಗಬಾರದಿತ್ತು.

"ಮನ್ಯಾಗ ಮಾತಾಡ್ತಾಳಾ?" ನಾನು ಕೇಳಿದೆ.

"ಅದಕ್ಕೆ ಬೇಕಾದ್ದು ಕೈ ಮಾಡಿ ತೋರಿಸ್ತೈತ್ರಿ ಅಕ್ಕಾರ. ನನಗೆ ತಿಳೀತೈತೆ. ಮಾತು ಯಾಕ ಬೇಕು ಅಂತ ನಾನೂ ಸುಮ್ನಾಗ್ತೀನಿ. ಬೆಳಗಾದ್ರೆ ಜರಡಿ ಸಪ್ಳ, ಒಲಿ ಸಪ್ಳ. ಯಾರ ಮಾತು ಯಾರಿಗೆ ಕೇಳ್ತಾವ್ರಿ?"

ತಲೆ ತೊಳೆಸಿಕೊಳ್ಳುವಾಗಲೂ ಗಿರಿಜಾ ಕಿರುಚಲಿಲ್ಲ. ತಂತಿ ಹಚ್ಚಿಕೊಂಡು ಕೂತಳು. ಲೊಮಡೆ ಎಲ್ಲಿ ಎಂದರೆ ಬೆರಳೆತ್ತಲಿಲ್ಲ. ಗೆರೆಯಲ್ಲೂ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, ದೊಡ್ಡೋರ ಮುಂದೆ ಬಾಯಿ ಬಿಡಬ್ಯಾಡ, ಕೈ ಕಾಲು ಆಡಿಸಬ್ಯಾಡ, ಗೊಂಬಿ ಹಂಗೆ ಕುಂದ್ರು ಎಂದು ಕೆಂಚಮ್ಮ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಮರ್ಯಾದಸ್ಥರ ಮಕ್ಕಳು ಹಾಗೆ ಕೂರುತ್ತಾರೆ ಎಂದು ಅವಳ ಎಣಿಕೆ.

ಬುದ್ಧಿ ಇಲ್ಲ ಎಂದು ಬರೆಯಲು ಮೇಡಂ ಒಪ್ಪಲಿಲ್ಲ. ಇದೆ ಎಂದು ಬರೆಯಲು ಖಾತ್ರಿ ಇರಲಿಲ್ಲ. ದೀಪಾವಳಿ ಕಳೆಯಲಿ, ಮತ್ತೆ ನೋಡೋಣ ಎಂದು ಶಾಲೆಗೆ ಹೇಳಿ ಕಳಿಸಿದರು. ಕೆಂಚಮ್ಮ ಬಾಗಿಲಲ್ಲೇ ನಿಂತಿದ್ದಳು. ಔಷಧಿ ಏನೂ ಕೊಡದೆ ಕಳಿಸುವ ಡಾಕ್ಟರನ್ನು ಅವಳು ಕಂಡಿರಲಿಲ್ಲ. "ಏನಾರ ಕೊಡ್ರಿ, ಅಮ್ಮಾರ" ಎಂದಳು. ಮೇಡಂ ಅವಳ ಮುಖ ನೋಡಿದರು. ಆ ಹೆಂಗಸಿನ ಎದುರು ಏನೂ ಇಲ್ಲ ಎನ್ನಲು ಅವರಿಗೆ ಆಗಲಿಲ್ಲ ಎಂದು ನನಗೆ ತೋರುತ್ತದೆ. "ಮಗು ಜೊತೆ ಮಾತಾಡಮ್ಮ" ಎಂದರು. "ನಿಮ್ಮ ಮನೇಲಿ ಅವಳ ಕಿವಿಗೆ ಮಾತು ಬೀಳೋದು ಕಡಿಮೆ. ಮಾತು ಹೆಚ್ಚಿರೋ ಮನೇಲಿ ಮಕ್ಕಳು ಬೇಗ ಕಲೀತಾರೆ. ಬೆಳಿಗ್ಗೆ, ಮಧ್ಯಾಹ್ನ, ಸಾಯಂಕಾಲ ಅವಳನ್ನ ಕೂರಿಸ್ಕೊಂಡು ಮಾತಾಡು."

ಜೀವಮಾನದಲ್ಲಿ ಮೇಡಂ ಕ್ಯಾಲೆಂಡರ್ ನೋಡದೆ ಆಡಿದ ಮಾತು ಇದೊಂದೇ ಇರಬೇಕು.

ಕೆಂಚಮ್ಮ ಅದನ್ನು ಔಷಧಿ ಎಂದೇ ತೆಗೆದುಕೊಂಡಳು. ಕೆಲವು ವಾರ ಬಿಟ್ಟು ಅವಳಿಗೆ ಮತ್ತೆ ಬರಲು ಹೇಳುವುದಕ್ಕೆ ನಾನು ಭಟ್ಟಿಯ ಕಡೆ ಹೋಗಿದ್ದೆ. ಮಧ್ಯಾಹ್ನದ ಊಟದ ಹೊತ್ತು. ಕೈ ಕಾಲು ತೊಳೆದು, ಮಗಳ ಮುಖವನ್ನೂ ತೊಳೆದು, ಖಾಲಿ ಚೀಲದ ಮೇಲೆ ಎದುರಿಗೆ ಕೂರಿಸಿಕೊಂಡಿದ್ದಳು. ರೊಟ್ಟಿ ಪಕ್ಕಕ್ಕೆ ಮುಚ್ಚಿಟ್ಟಿತ್ತು, ಔಷಧಿ ಊಟಕ್ಕೆ ಮುಂಚೆ ಎಂದು. "ಇದು ಒಲಿ. ಇದು ಹೊಟ್ಟು. ಇದು ಚೀಲ. ಅದು ಆಡು. ಅದು ಇನ್ನೊಂದು ಆಡು" ಎಂದು ಗಟ್ಟಿಯಾಗಿ, ಮೇಡಂ ಹಾಗೆಯೇ ಬಿಡಿಬಿಡಿಯಾಗಿ ಹೇಳುತ್ತಿದ್ದಳು. ಸುತ್ತಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನನಗೂ ನಗು ಬಂತು. ಗಿರಿಜಾ ಮಾತ್ರ ಕಹಿ ಔಷಧಿ ಕುಡಿಯುವ ಮುಖ ಮಾಡಿಕೊಂಡು ಅವ್ವನ ಬಾಯಿಯನ್ನೇ ನೋಡುತ್ತಿದ್ದಳು.

ದೀಪಾವಳಿಗೆ ಮೊದಲೇ ಕೆಂಚಮ್ಮ ಒಬ್ಬಳೇ ನರ್ಸಿಂಗ್ ಹೋಮಿಗೆ ಬಂದಳು. ಮುಖ ಬಾಡಿತ್ತು. ಮೇಡಂ ಕುರ್ಚಿ ತೋರಿಸಿದರೂ ನೆಲದ ಮೇಲೇ ಕೂತಳು.

"ಅಮ್ಮಾರ, ಇದ್ದ ಮಾತೆಲ್ಲ ಹೇಳಿ ಮುಗಿಸೀನ್ರಿ. ಒಲಿ ಹೇಳಿದೆ, ಮರಳು ಹೇಳಿದೆ, ಊರಾಗಿನ ಹೊಲ ಹೇಳಿದೆ, ಅವರಪ್ಪ ಸತ್ತಿದ್ದೂ ಹೇಳಿದೆ. ಮತ್ತ ಮೊದ್ಲಿಂದ ಹೇಳಿದೆ. ಇನ್ನ ನನ್ನ ಹತ್ರ ಇಲ್ರಿ. ಈಗ ಏನು ಮಾಡಬೇಕ್ರಿ?"

ಯಂತ್ರವನ್ನು ಆರಿಸಿದ್ದರೂ ಅದರ ಲೇಖನಿಗಳು ಕಾಗದದ ಮೇಲೆ ಕರಕರ ಎನ್ನುವ ಸದ್ದು ನನಗೆ ಕೇಳಿದಂತಾಯಿತು. ಮೇಡಂ ಎದ್ದು ಟೇಪ್ ರೆಕಾರ್ಡರನ್ನು ಅವಳ ಮುಂದೆ ನೆಲದ ಮೇಲೇ ಇಟ್ಟು, ತಾವೂ ನೆಲದ ಮೇಲೆ ಕೂತು, ಹಸಿರು ಹೊಟ್ಟೆಯ ಆ ಪ್ರಾಣಿಯನ್ನು ಅವಳ ಕೈಗೆ ಕೊಟ್ಟರು. "ಇದರ ಹೆಸರು ಲೊಮಡೆ. ಗಿರಿಜಾ ಇಲ್ಲೇ ಇದ್ದಾಳೆ ಅಂದ್ಕೊಂಡು, ನಿನಗೆ ಬಂದ ಹಾಗೆ ಹೇಳು. ನನ್ನ ಹಾಗೆ ಬೇಡ" ಎಂದರು. ಕೆಂಚಮ್ಮ ಮೊದಲು ನಾಚಿದಳು. ಆಮೇಲೆ ಪ್ರಾಣಿಯನ್ನು ತೊಡೆಯ ಮೇಲೆ ಹಾಕಿಕೊಂಡು, "ಏ ಗಿರ್ಜೀ, ನೋಡಬೇ ಇಲ್ಲಿ, ಇದು ಲೊಮಡೆ ಅಂತ. ಹೊಟ್ಟಿ ನೋಡು ಇದ್ರದ್ದು, ಸೊಪ್ಪು ತಿಂದು ಹಸರು ಆಗೈತೆ. ಬಾ ನಮ್ಮವ್ವ, ಲೊಮಡೆ ಮುಟ್ಟು ಬಾ" ಎಂದು ಶುರು ಮಾಡಿದವಳು ಕ್ಯಾಸೆಟ್ಟಿನ ಆ ಮಗ್ಗುಲು ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಮಾರನೆಯ ದಿನ ಗಿರಿಜಾಳಿಗೆ ತಂತಿ ಹಚ್ಚಿ ಅದನ್ನೇ ಕೇಳಿಸಿದೆವು. ಅವ್ವನ ದನಿ ಬಂದ ಕೂಡಲೇ ಮಗು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿತು. ಬಾಯಿ ಬಿಡಲಿಲ್ಲ, ಬೆರಳೆತ್ತಲಿಲ್ಲ. ಆದರೆ ಲೊಮಡೆ ಎಂಬ ಹೆಸರಿಗೆ ಬಟ್ಟಲು ತೋರಿಸಿದಾಗಲೆಲ್ಲ ತಲೆ ಬೆಚ್ಚಿತ್ತು. ಕಂಪ್ಯೂಟರು ಗೆರೆಗಳನ್ನು ಕೂಡಿಸಿ ತೋರಿಸಿದಾಗ ನನ್ನ ಕಣ್ಣಿಗೇ ಕಾಣುವಷ್ಟು ದೊಡ್ಡ ತಗ್ಗು. ಮೇಡಂ ಪರದೆಯ ಮೇಲೆ ಬೆರಳಿಟ್ಟು, "ಗೊತ್ತಿದೆ ಇವಳಿಗೆ. ಎಲ್ಲಾ ಗೊತ್ತಿದೆ" ಎಂದರು. ಅವತ್ತು ಸಂಜೆ ಅವರೇ ಹೋಗಿ ಖಾರ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿದ್ದರೂ ನಗುತ್ತಾ ತಿಂದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಈಗಲೇ ಹೋಗಿ ಕೆಂಚಮ್ಮನಿಗೆ ಹೇಳಿಬರುತ್ತೇನೆ ಎಂದೆ. ಬೇಡ ಎಂದರು. ಒಂದು ಸಲ ನೋಡಿದ್ದನ್ನು ನಂಬಬಾರದು, ಗೆರೆಗಳನ್ನು ಇನ್ನೊಮ್ಮೆ ಲೆಕ್ಕ ಹಾಕಬೇಕು, ಶಾಲೆಗೆ ಕೊಡುವ ಚೀಟಿಯಲ್ಲಿ ಯಾರೂ ಬೆರಳು ತೋರಿಸದಂತೆ ಬರೆಯಬೇಕು, ಆಮೇಲೆ ತಾಯಿಗೆ ಹೇಳೋಣ. ಅದು ಅವರ ಸ್ವಭಾವ. ಹಬ್ಬ ಬಂತು, ಹೋಯಿತು. ಚೀಟಿ ಸಿದ್ಧವಾಯಿತು. ಇಬ್ಬರೂ ಆಟೋ ಹತ್ತಿ ಭಟ್ಟಿಗೆ ಹೋದೆವು. ಮೇಡಂ ಬಿಸಿ ಮರಳು ದಾಟಿ, ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ, ಕೆಂಚಮ್ಮನ ಗುಡಿಸಲಿನ ಬಿದಿರುತಟ್ಟಿಯ ಬಾಗಿಲೊಳಗೆ ಹೋದರು. ಒಳಗೆ ಕೆಂಚಮ್ಮ ಒಬ್ಬಳೇ ಇದ್ದಳು.

"ಗಿರಿಜಾ ಎಲ್ಲಮ್ಮ?"

"ಹರಿಹರಕ್ಕೆ ಕಳಿಸೀನ್ರಿ, ಅಮ್ಮಾರ. ವಕೀಲರ ಮನಿ. ನಮ್ಮೂರಾಗ ಹೊಲ ಐತೆ ಅವರ್ದು, ನಂಗೆ ಗುರುತು. ದೊಡ್ಡ ಮನಿ ರೀ. ಬರೋರು, ಹೋಗೋರು, ರೇಡಿಯೋ, ಟೀವಿ, ಬೆಳಗಿಂದ ಸಂಜಿತನಕ ಬರೀ ಮಾತು." ಅವಳ ಮುಖದಲ್ಲಿ ಅಳುವೂ ಇತ್ತು, ಹೆಮ್ಮೆಯೂ ಇತ್ತು. "ನೀವೇ ಹೇಳಿದ್ರಲ್ರಿ, ಮಾತು ಭಾಳ ಇರೋ ಮನ್ಯಾಗ ಕಲೀತಾರಂತ. ನನ್ನ ಹತ್ರ ಎಲ್ಲೈತ್ರಿ?"

ಮೇಡಂ ಕೈಯಲ್ಲಿದ್ದ ಚೀಟಿ ಹಾಗೇ ಇತ್ತು. ಅವರು ಹೊರಗೆ ಬಂದು, ಚಪ್ಪಲಿ ಮೆಟ್ಟಲು ಮರೆತು, ಆ ಮರಳಿನಲ್ಲೇ ನಿಂತರು. "ಹಿಂಗ ಆಗಬಾರದಿತ್ತು ನೋಡಬೇ" ಎಂದರು ನನಗೆ. ಅಪ್ಪಟ ಹರಿಹರದ ಮಾತು. ನಾನು ಕೇಳಿದ್ದೆ ಎಂದು ಹೇಳಿದ ಒಂದು ಸಲ ಇದೇ.

ಆ ಭಾನುವಾರ ನಾನೂ ಅವರ ಜೊತೆ ಹರಿಹರಕ್ಕೆ ಹೋದೆ. ವಕೀಲರ ಮನೆಯಲ್ಲಿ ನಮಗೆ ಕೆಟ್ಟದ್ದೇನೂ ಕಾಣಲಿಲ್ಲ. ಕಂಡಿದ್ದರೆ ಒಳ್ಳೆಯದಿತ್ತು, ಜಗಳ ತೆಗೆದು ಕರೆದುಕೊಂಡು ಬರಬಹುದಿತ್ತು. ಮಗುವಿಗೆ ಒಳ್ಳೇ ಲಂಗ ಹೊಲಿಸಿದ್ದರು, ಹತ್ತಿರದ ಶಾಲೆಗೆ ಹೆಸರು ಹಚ್ಚಿದ್ದರು. ಬೆಳಿಗ್ಗೆ, ಸಂಜೆ ಕಸ, ಪಾತ್ರೆ. ವಕೀಲರ ಹೆಂಡತಿ ಒಳ್ಳೆಯ ಮನಸ್ಸಿನವರೇ. "ಬಂದಾಗ ಮೂಗಿ ಇದ್ದಂಗಿದ್ಲು ನೋಡ್ರಿ. ಈಗ ಕೇಳ್ರಿ ಅವಳ ಮಾತು" ಎಂದು ಕರೆದರು. ಗಿರಿಜಾ ಬಂದು ಗೋಡೆಗೆ ಒರಗದೆ ನೆಟ್ಟಗೆ ನಿಂತಳು. ಎಣ್ಣೆ ಹಚ್ಚಿ ಬಾಚಿದ ತಲೆ.

"ಅವ್ವನ ಹತ್ತಿರ ಹೋಗೋಣವಾ?" ಮೇಡಂ ಕೇಳಿದರು.

"ಇಲ್ಲ. ಇಲ್ಲಿ ಕೆಲಸ ಇದೆ" ಎಂದಿತು ಮಗು. ಕ್ಯಾಸೆಟ್ಟಿನ ಮಾತಿನ ಹಾಗೆ ಸ್ಪಷ್ಟವಾಗಿ, ಬಿಡಿಬಿಡಿಯಾಗಿ. ಅದರ ದನಿಯನ್ನು ನಾವು ಮೊದಲ ಸಲ ಕೇಳಿದ್ದು ಅದು.

ಆಮೇಲೆ ಮೇಡಂ ಕೆಂಚಮ್ಮನ ಬೆನ್ನು ಬಿಡಲಿಲ್ಲ. ಕಂಪ್ಯೂಟರಿನಿಂದ ಗೆರೆ ತೆಗೆದ ಕಾಗದವನ್ನು ಭಟ್ಟಿಗೇ ಒಯ್ದು ಚೀಲದ ಮೇಲೆ ಹರಡಿದರು. ಇದು ನನ್ನ ದನಿ ಕೇಳಿದಾಗ ಬಂದದ್ದು, ಇದು ನಿನ್ನ ದನಿ ಕೇಳಿದಾಗ ಬಂದದ್ದು, ನೋಡು, ಮಗುವಿಗೆ ನಿನ್ನಿಂದಲೇ ಮಾತು ಬಂದಿತ್ತು, ನಾನು ಹೇಳಿದ್ದು ತಪ್ಪು, ನಿನ್ನಲ್ಲಿ ಮಾತು ಕಡಿಮೆ ಇರಲಿಲ್ಲ, ಅವಳನ್ನು ಕರೆದುಕೊಂಡು ಬಾ ಎಂದು ಬೇಡಿಕೊಂಡರು. ಅಷ್ಟು ಓದಿದ ಹೆಂಗಸು ಹೊಟ್ಟಿನ ರಾಶಿಯ ಪಕ್ಕ ಕೂತು ಹಾಗೆ ಬೇಡುವುದನ್ನು ನೋಡಿ ನನಗೆ ಸಂಕಟವಾಯಿತು. ಕೆಂಚಮ್ಮ ಕಾಗದವನ್ನು ಗೌರವದಿಂದಲೇ ನೋಡಿದಳು. ಕೈ ಕಪ್ಪಾಗಿದೆ ಎಂದು ಮುಟ್ಟಲಿಲ್ಲ.

"ಗೆರಿ ಮಾತಾಡಲ್ಲಲ್ರಿ, ಅಮ್ಮಾರ. ಅಲ್ಲಿ ಬಾಯಿ ಬಿಟ್ಟಾಳೆ. ನನ್ನ ಹತ್ರ ಬಂದ್ರೆ ಮತ್ತ ಮುಚ್ಚಿಕೊಂಡ್ರೆ ಯಾರನ್ನ ಕೇಳ್ಲಿ? ಬ್ಯಾಡ್ರಿ. ನಂದು ಹೆಂಗೋ ಆಗತೈತೆ."

ಮೇಡಂ ಇನ್ನೂ ಹಲವು ಸಲ ಹೋದರು. ಪ್ರತಿ ಸಲವೂ ಅದೇ ಉತ್ತರ. ಕೆಂಚಮ್ಮನಿಗೆ ಅವರ ಮೇಲೆ ಸಿಟ್ಟಿರಲಿಲ್ಲ, ಅದೇ ಮೇಡಂಗೆ ತಡೆಯಲಾಗದ್ದು. ಮಗಳಿಗೆ ಮಾತು ಬರಿಸಿದ ಪುಣ್ಯಾತ್ಗಿತ್ತಿ ಎಂದು ಭಟ್ಟಿಯ ಹೆಂಗಸರಿಗೆಲ್ಲ ತೋರಿಸುತ್ತಿದ್ದಳು. ಮೇಡಂ ಮುಖ ತಗ್ಗಿಸಿಕೊಂಡು ಆಟೋ ಹತ್ತುತ್ತಿದ್ದರು.

ಅಲ್ಲಿಂದ ಅವರು ಬೇರೆಯವರಾದರು. ಮಕ್ಕಳ ತಲೆ ತೊಳೆಯುವುದು ಬಿಡಲಿಲ್ಲ, ತಂತಿ ಹಚ್ಚುವುದು ಬಿಡಲಿಲ್ಲ. ಆದರೆ ತಾಯಂದಿರಿಗೆ ಒಂದೇ ಒಂದು ಬುದ್ಧಿಮಾತು ಹೇಳುವುದನ್ನು ನಿಲ್ಲಿಸಿಬಿಟ್ಟರು. ಮಗುವಿಗೆ ಏನು ತಿನ್ನಿಸಲಿ ಎಂದರೂ ಸುಮ್ಮನೆ ತಲೆಯಾಡಿಸುತ್ತಿದ್ದರು. ಈ ಡಾಕ್ಟ್ರಿಗೆ ಸೊಕ್ಕು ಬಂದೈತೆ ಎಂದು ಜನ ಹೊರಗೆ ಆಡಿಕೊಳ್ಳುತ್ತಿದ್ದರು. ನಾನು ಜಗಳವಾಡಿದೆ, ನೀವು ಬಾಯಿ ಮುಚ್ಚಿಕೊಂಡರೆ ಆ ಮಗು ವಾಪಸು ಬರುತ್ತಾ ಎಂದೆ. ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. "ನಾನು ಅವತ್ತು ಬಾಗಿಲಲ್ಲಿ ಆಡಿದ ಮಾತು ಮುಗಿದಿಲ್ಲ ಕಣಮ್ಮ. ಈ ಕೊಠಡೀಲಿ ಇನ್ನೂ ಆಡ್ತಾನೇ ಇದೀನಿ. ನಿನಗೆ ಕೇಳಿಸೋಲ್ವಾ?"

ತಮ್ಮ ದನಿಯ ಕ್ಯಾಸೆಟ್ಟನ್ನು ಅವರು ಮತ್ತೆ ಹಾಕಲಿಲ್ಲ. ಕೆಂಚಮ್ಮನದು ಹಾಕಿಕೊಂಡು, ಮಕ್ಕಳೆಲ್ಲ ಹೋದ ಮೇಲೆ, ಖಾಲಿ ಕುರ್ಚಿಯ ಎದುರು ಕೂತಿರುತ್ತಿದ್ದರು. ಬಾ ನಮ್ಮವ್ವ, ಮುಟ್ಟು ಬಾ, ಬಾ ನಮ್ಮವ್ವ. ಬಾಗಿಲ ಹೊರಗೆ ನಿಂತ ನನಗೆ ಒಳಗೆ ಹೋಗಲು ಹೆದರಿಕೆಯಾಗುತ್ತಿತ್ತು. ಭಾನುವಾರ ಹರಿಹರದಲ್ಲಿ ವಕೀಲರ ಮನೆಯ ಮುಂದೆ ನಿಧಾನವಾಗಿ ನಡೆದು ಹೋಗುತ್ತಾರೆ, ಒಳಗೆ ಹೋಗುವುದಿಲ್ಲ ಎಂದು ಅವರ ಅಣ್ಣ ಒಮ್ಮೆ ಹೇಳಿದರು. ಅಂಗಳದಲ್ಲಿ ಮಗು ಕಂಡರೆ ನಿಲ್ಲುತ್ತಾರಂತೆ. ಮಗು "ನಮಸ್ಕಾರ ಡಾಕ್ಟರೇ" ಎನ್ನುತ್ತದಂತೆ. ಇವರು ಮನೆಗೆ ಬಂದು ಊಟ ಬೇಡ ಎನ್ನುತ್ತಾರಂತೆ.

ಎರಡು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ ಹರಿಹರದ ಮನೆಯ ಪಡಸಾಲೆಯಲ್ಲೇ ಕುಸಿದು ಕೂತವರು ಏಳಲಿಲ್ಲ. ಎದೆನೋವಂತೆ. ಸುದ್ದಿ ಬಂದ ಕೂಡಲೇ ಹೊರಟೆ. ಭಟ್ಟಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ, ನಾನು ತಲುಪುವಷ್ಟರಲ್ಲಿ ಕೆಂಚಮ್ಮ ಬಂದಾಗಿತ್ತು. ಹೆಣದ ಕಾಲ ಬಳಿ ಕೂತಿದ್ದಳು. ಮನೆಯವರು ಇವಳು ಯಾರೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಮ್ಮ ಕಡೆ ಹಳ್ಳಿಯ ಹೆಂಗಸರು ಸತ್ತವರನ್ನು ಹಾಡಿಕೊಂಡು ಅಳುತ್ತಾರೆ. ಅದಕ್ಕೆ ಮೊದಲೇ ಕಟ್ಟಿದ ಹಾಡೇನೂ ಇರುವುದಿಲ್ಲ, ಸತ್ತವರನ್ನೇ ಕರೆದು, ಬಾಯಿಗೆ ಬಂದಂತೆ ಕಟ್ಟುತ್ತಾ ಹೋಗುವುದು. ಓದಿದವರ ಮನೆಗಳಲ್ಲಿ ಅದು ಆಗಲೇ ನಿಂತುಹೋಗಿತ್ತು. ಅಲ್ಲಿದ್ದವರೆಲ್ಲ ಕರ್ಚೀಫು ಹಿಡಿದು ಸದ್ದಿಲ್ಲದೆ ಅಳುತ್ತಿದ್ದರು.

ಕೆಂಚಮ್ಮ ಶುರು ಮಾಡಿದಳು.

"ಭಟ್ಟಿ ಹೊಗ್ಯಾಗ ನನ್ನ ಹುಡಿಕ್ಕೊಂಡು ಬಂದ್ಯಲ್ಲೇ ತಾಯಿ, ಕಾದ ಮರಳಾಗ ಬರಿಗಾಲಾಗ ನಿಂತ್ಯಲ್ಲೇ ತಾಯಿ, ನನ್ನ ತಟ್ಟಿ ಬಾಗ್ಲಾಗ ತಲಿ ಬಗ್ಗಿಸಿ ಬಂದ್ಯಲ್ಲೇ, ಹೊಳಿ ದಂಡಿ ಮನಿ ಬಿಟ್ಟು ಯಾವ ದಂಡಿಗೆ ಹೊಂಟ್ಯೇ..."

ಹಾಗೇ ಹೋಯಿತು. ಮೇಡಂ ನಡೆದ ಬೀದಿ ಬಂತು, ಹತ್ತಿದ ಬಸ್ಸು ಬಂತು, ಹೆರದೆ ಹೊರದೆ ಮಕ್ಕಳಿಗೆಲ್ಲ ಅವ್ವನಾದದ್ದು ಬಂತು, ತುಂಗಭದ್ರೆಯ ನೀರು, ಕುಕ್ಕುವಾಡದ ಗದ್ದೆಯ ಬೆಳ್ಳಕ್ಕಿ, ಹೊಲದ ಬದುವಿನಲ್ಲಿ ಅಪ್ಪ ಇಲ್ಲದೆ ನಿಂತ ಮಗು, ಎಲ್ಲ ಬಂದವು. ಒಂದು ಸಾಲು ಮುಗಿಯುವುದರೊಳಗೆ ಇನ್ನೊಂದು ಸಾಲು. ನಾನು ಗೋಡೆ ಹಿಡಿದು ನಿಂತೆ. ಇದನ್ನು ಮೇಡಂ ಕೇಳಿಸಿಕೊಳ್ಳಬೇಕಿತ್ತು ಎಂದುಕೊಂಡೆ. ಕರ್ಚೀಫು ಹಿಡಿದವರೂ ಬಾಯಿಬಿಟ್ಟು ಅಳತೊಡಗಿದರು.

ಅಷ್ಟರಲ್ಲಿ ವಕೀಲರ ಹೆಂಡತಿ ಬಂದರು, ಹಿಂದೆ ಗಿರಿಜಾ. ಎತ್ತರವಾಗಿದ್ದಳು, ಒಗೆದ ಬಟ್ಟೆ, ಕೈಯಲ್ಲಿ ಹೂವಿನ ಪೊಟ್ಟಣ. ಕೆಂಚಮ್ಮ ಅಳುತ್ತಲೇ ಕೈ ಚಾಚಿ ಮಗಳ ಲಂಗದ ಅಂಚು ಹಿಡಿದು, ಪಕ್ಕದಲ್ಲಿ ಕೂರಲು ಜಗ್ಗಿದಳು. ಹಾಡಿನೊಳಗೇ ಮಗಳನ್ನೂ ಕರೆದಳು. ಗಿರಿಜಾ ಒಮ್ಮೆ ವಕೀಲರ ಹೆಂಡತಿಯ ಮುಖ ನೋಡಿದಳು, ಸುತ್ತಲಿನವರನ್ನು ನೋಡಿದಳು. ಲಂಗವನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಮ್ಮ, ಸಾಕು ಮಾಡಿ. ಎಲ್ಲರೂ ನೋಡುತ್ತಿದ್ದಾರೆ. ಹಾಗೆಲ್ಲ ಕೂಗಬಾರದು" ಎಂದಳು.

ಕೆಂಚಮ್ಮ ನಡುಸಾಲಿನಲ್ಲಿ ನಿಲ್ಲಿಸಿದಳು. ಮಗಳ ಮುಖವನ್ನು ಕೆಳಗಿನಿಂದ ನೋಡಿದಳು. "ಆತ್ರಿ" ಎಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆಯ ಕಡೆ ಸರಿದು ಮಗಳಿಗೆ ದಾರಿ ಬಿಟ್ಟಳು.